ನಾಲ್ಕನೆಯ ಗುಂಡಿಯ ಬಾಯಾರಿಕೆ

"ಮೇಡಮ್ಮೋರೇ, ಇದು ನೀರು ಕುಡೀತಾ ಇದೆ."

ಪರೀಕ್ಷಕಿ ಐದನೆಯ ಗುಂಡಿಯ ಪಕ್ಕ ಮಂಡಿಯೂರಿ ಅಳತೆಪಟ್ಟಿ ನೋಡುತ್ತಿದ್ದಳು. ತಲೆ ಎತ್ತದೆಯೇ ಕೇಳಿದಳು, "ಯಾವುದು?"

"ನಾಲ್ಕನೇದು. ಈಗಷ್ಟೇ ತುಂಬಿಸಿದ್ದೆ. ಬೆನ್ನು ತಿರುಗಿಸೋದ್ರೊಳಗೆ ತಳ ಕಾಣ್ತಾ ಇದೆ."

"ಕ್ಯಾನು ಸೋರ್ತಾ ಇರಬೇಕು, ನೋಡು."

"ಕ್ಯಾನು ಸೋರಿದ್ರೆ ನನ್ನ ಪ್ಯಾಂಟು ಒದ್ದೆ ಆಗ್ತಿತ್ತು. ಸೋರ್ತಾ ಇರೋದು ನೆಲ."

ಹೇಳಿದವನು ಮೊಳಣ್ಣ. ಇಪ್ಪತ್ತೈದು ವರ್ಷದಿಂದ ಊರಿಗೆಲ್ಲ ಗುಂಡಿ ತೋಡಿದವನು. ಟೇಪು ಕೈಗೆ ಕೊಟ್ಟರೂ ಮೊಳ ಹಾಕಿಯೇ ಅಳೆಯುತ್ತಿದ್ದ. ಆ ಮೊಳ ಟೇಪಿಗಿಂತ ಸರಿಯಾಗಿರುತ್ತಿತ್ತು ಎಂಬುದೇ ಆರೋಗ್ಯ ಕಚೇರಿಯವರಿಗೆಲ್ಲ ತಲೆನೋವು.

ಅವಳು ಎದ್ದು ಬಂದು ಬಗ್ಗಿದಳು. ಒಂದು ಗೇಣು ಅಗಲದ ಗುಂಡಿ, ತಳದಲ್ಲಿ ಎರಡು ಬೆರಳು ಜಲ್ಲಿ. ನೀರಿಲ್ಲ. ಒಳಗಿನಿಂದ ಯಾರೋ ಗುಟುಕು ಮುಗಿಸಿ ಉಸಿರು ಬಿಟ್ಟಂಥ ಸಣ್ಣ ಸದ್ದು ಬಂತು.

ಮಣ್ಣಿನಿಂದ ಗಾಳಿ ಹೊರಬರುವ ಸದ್ದು ಅದು. ಅವಳಿಗೆ ಗೊತ್ತು. ಗೊತ್ತಿದ್ದೂ ಇನ್ನಷ್ಟು ಬಗ್ಗಿ ಕಿವಿಗೊಟ್ಟಳು.

ಇದು ಅವಳ ಅಕ್ಕನ ಹಿತ್ತಲು.

ಒಂಬತ್ತು ವರ್ಷದ ಹಿಂದೆ ಅಕ್ಕ ಈ ಮನೆಯಿಂದ ಕಾಣೆಯಾಗಿದ್ದಳು. ಅದೇ ವಾರ ಭಾವನ ತಮ್ಮನೂ ಊರಲ್ಲಿ ಕಾಣಲಿಲ್ಲ. ಊರವರು ಎರಡನ್ನೂ ಕೂಡಿಸಿ 'ಓಡಿಹೋದರು' ಎಂದು ತೀರ್ಮಾನಿಸಿ ಮಲಗಿಬಿಟ್ಟರು. ಪೊಲೀಸರೂ ಮಲಗಿದರು. ಮಲಗದೆ ಉಳಿದವಳು ತಂಗಿ ಒಬ್ಬಳೇ. ಅಕ್ಕ ಎಲ್ಲಿಗೂ ಹೋಗಿಲ್ಲ, ಈ ಅಂಗಳ ದಾಟಿಯೇ ಇಲ್ಲ ಎಂಬುದು ಅವಳ ಗಟ್ಟಿ ನಂಬಿಕೆ.

ಈಗ ಭಾವ ಹಿತ್ತಲನ್ನು ಮಾರುತ್ತಿದ್ದ. ಕೊಳ್ಳುವವರು ಮನೆ ಕಟ್ಟಬೇಕು. ಆ ಕಡೆ ಒಳಚರಂಡಿ ಇಲ್ಲ; ಸೆಪ್ಟಿಕ್ ಟ್ಯಾಂಕಿನ ನೀರನ್ನು ಅಲ್ಲೇ ನೆಲಕ್ಕೆ ಇಂಗಿಸಬೇಕು. ಆ ನೆಲಕ್ಕೆ ಅಷ್ಟು ತಾಕತ್ತು ಇದೆಯೇ ಎಂದು ಪರೀಕ್ಷಿಸಿ ಸಹಿ ಹಾಕಬೇಕಾದವಳು ಇವಳು. ಸಂಬಂಧಿಕರ ಜಾಗವಾದರೆ ಫೈಲನ್ನು ಬೇರೆ ಊರಿನ ಪರೀಕ್ಷಕರಿಗೆ ಕಳಿಸಬೇಕೆಂದು ನಿಯಮವಿದೆ. ಕಳಿಸಿರಲಿಲ್ಲ. ಒಂಬತ್ತು ವರ್ಷದಲ್ಲಿ ಮೊದಲ ಬಾರಿಗೆ ಕಾನೂನು ಅವಳ ಕೈಗೆ ಗುದ್ದಲಿ ಕೊಟ್ಟಿತ್ತು.

ಇನ್ನೆರಡು ದಿನಕ್ಕೆ ಯಂತ್ರ ಬಂದು ನೆಲವನ್ನೆಲ್ಲ ಕೆದಕಿ ಹಾಕುತ್ತದೆ. ಆಮೇಲೆ ಈ ಮಣ್ಣು ಏನನ್ನೂ ಹೇಳಲಾರದು.

"ಮತ್ತೆ ತುಂಬಿಸು," ಎಂದಳು.

ಮೂರು ಸಲ ತುಂಬಿಸಿ ಮೂರು ಸಲ ಗಡಿಯಾರ ನೋಡಿದಳು. ಉಳಿದ ಐದು ಗುಂಡಿಗಳಲ್ಲಿ ಅರ್ಧ ಗಂಟೆಗೆ ಒಂದು ಸೆಂಟಿಮೀಟರ್ ಇಳಿದರೆ ಹೆಚ್ಚು. ನಾಲ್ಕನೆಯದರಲ್ಲಿ ಏಳು ನಿಮಿಷಕ್ಕೆ ಹದಿನೈದು. ನಿನ್ನೆಯೇ ಎಲ್ಲದಕ್ಕೂ ನೀರು ಕುಡಿಸಿ ನೆನೆಸಿಟ್ಟಿದ್ದರು. ಒಂದು ದಿನ ಕುಡಿದ ಜೇಡಿಮಣ್ಣಿಗೆ ಇಷ್ಟು ಬಾಯಾರಿಕೆ ಇರಬಾರದು.

"ಇಲಿ ಬಿಲ ಇರಬಹುದು," ಎಂದ ಮೊಳಣ್ಣ.

"ಇರಬಹುದು."

"ಹಳೇ ಹೂವಿನ ಪಾತಿ ಇದು. ಅಂಚುಗಲ್ಲು ಇನ್ನೂ ಇದೆ ನೋಡಿ. ಗಿಡದ ಬೇರು ಕೊಳೆತು ಪೊಳ್ಳಾಗಿರಬಹುದು."

"ಇರಬಹುದು. ಪಕ್ಕದಲ್ಲಿ ದೊಡ್ಡ ಗುಂಡಿ ತೋಡು. ಆಳು ನಿಲ್ಲೋ ಅಷ್ಟು. ಗೋಡೆ ನೋಡಬೇಕು."

ಹಿತ್ತಲ ಬಾಗಿಲ ಮೆಟ್ಟಿಲ ಮೇಲೆ ಭಾವ ಕೂತಿದ್ದ. ಕೈಯಲ್ಲಿ ಪೇಪರ್ ಇತ್ತು, ಬೆಳಿಗ್ಗೆಯಿಂದ ಒಂದು ಪುಟವೂ ಮಗುಚಿರಲಿಲ್ಲ.

"ಸಿಕ್ಕಿತೇನಮ್ಮ?" ಎಂದು ಅಲ್ಲಿಂದಲೇ ಕೇಳಿದ.

"ಏನು ಸಿಗಬೇಕಿತ್ತು ಭಾವ? ನೀವೇ ಹೇಳಿಬಿಡಿ, ಮೊಳಣ್ಣನಿಗೆ ಕೆಲಸ ಉಳಿಯುತ್ತೆ."

"ನನ್ನ ಮೇಲಿನ ಸಿಟ್ಟು ನಿನಗೆ ಅನ್ನದ ಹಾಗೆ ಆಗಿಬಿಟ್ಟಿದೆ. ಒಂದು ಹೊತ್ತು ಬಿಟ್ಟರೂ ಆಗಲ್ಲ," ಎಂದು ಅವನು ಮತ್ತೆ ಅದೇ ಪುಟಕ್ಕೆ ಕಣ್ಣು ಹಾಕಿದ.

ಗುಂಡಿ ಸೊಂಟದಾಳಕ್ಕೆ ಬಂದಾಗ ಅವಳು ಒಳಗಿಳಿದಳು. ಚಾಕುವಿನಿಂದ ಗೋಡೆಯನ್ನು ಮೆಲ್ಲಗೆ ಕೆರೆದಳು.

ಮೇಲೆ ಕಪ್ಪು ಮಣ್ಣು. ಅದರ ಕೆಳಗೆ ಕೆಂಪು. ಅದರ ಕೆಳಗೆ ತುಕ್ಕಿನ ಚುಕ್ಕೆಗಳ ಹಳದಿ ಜೇಡಿ. ಎಲ್ಲ ಇರಬೇಕಾದಲ್ಲೇ ಇತ್ತು.

ಆದರೆ ಪದರ ಪದರದ ನಡುವೆ ಗೆರೆ ಎಳೆದಷ್ಟು ನೇರ. ನಿಜವಾದ ಮಣ್ಣು ಹಾಗಿರುವುದಿಲ್ಲ. ಕಪ್ಪು ಕೆಂಪಿನೊಳಗೆ ನಾಲಿಗೆ ಚಾಚಿರುತ್ತದೆ, ಎರೆಹುಳುವಿನ ದಾರಿಗಳು ಒಂದರಿಂದ ಇನ್ನೊಂದಕ್ಕೆ ನುಸುಳಿರುತ್ತವೆ. ಇಲ್ಲಿ ಒಂದು ದಾರಿಯೂ ಗೆರೆ ದಾಟಿರಲಿಲ್ಲ. ತುಕ್ಕಿನ ಚುಕ್ಕೆಗಳು ಒಂದು ಹೆಂಟೆಯಲ್ಲಿ ಮೇಲ್ಮುಖ, ಇನ್ನೊಂದರಲ್ಲಿ ಅಡ್ಡ.

ಯಾರೋ ಇಲ್ಲಿ ಅಗೆದಿದ್ದರು. ಅಗೆದು, ಮುಚ್ಚಿದ್ದರು. ಪದರ ತಪ್ಪದಂತೆ ಮುಚ್ಚಿದ್ದರು.

ಅವಳ ಕೈ ನಿಂತುಹೋಯಿತು.

ಒಂಬತ್ತು ವರ್ಷದಿಂದ ಅವಳ ಮನಸ್ಸಿನಲ್ಲಿ ಒಂದು ಚಿತ್ರವಿತ್ತು: ಭಾವ ಗುದ್ದಲಿ ಹಿಡಿದು ಗಡಿಬಿಡಿಯಲ್ಲಿ ಮಣ್ಣು ಎಳೆಯುತ್ತಿರುವುದು. ಗಡಿಬಿಡಿಯವನು ಮಣ್ಣನ್ನೆಲ್ಲ ಕಲಸಿ ತುಂಬುತ್ತಾನೆ. ಭಾವನೇನು, ಲೋಕದಲ್ಲಿ ಯಾರಾದರೂ ಹಾಗೇ ತುಂಬುತ್ತಾರೆ. ಕಪ್ಪಿಗೊಂದು, ಕೆಂಪಿಗೊಂದು, ಹಳದಿಗೊಂದು ಟಾರ್ಪಾಲು ಹಾಸಿ ಬೇರೆ ಬೇರೆ ರಾಶಿ ಮಾಡಿ, ತಳದ್ದನ್ನು ತಳಕ್ಕೆ, ಮೇಲಿನದನ್ನು ಮೇಲಕ್ಕೆ ಹಾಕುವುದು ಮಣ್ಣಿನ ಕಸುಬಿನವರು ಮಾತ್ರ. ಈ ಊರಲ್ಲಿ ಹಾಗೆ ಮಾಡಬಲ್ಲವರು ಮೂವರು.

ಒಬ್ಬಳು ತಾನು. ಒಬ್ಬಳು ಅಕ್ಕ. ಇನ್ನೊಬ್ಬರು, ಇಬ್ಬರಿಗೂ ಕಲಿಸಿದವರು.

"ಇನ್ನೆರಡು ಮೊಳ ತೋಡಿಡು. ಊಟದ ಹೊತ್ತಿಗೆ ಬರ್ತೀನಿ. ಗೋಡೆ ಮುಟ್ಟಬೇಡ," ಎಂದು ಹೇಳಿ, ಒಂದು ಹಳದಿ ಹೆಂಟೆಯನ್ನು ಡಬ್ಬಿಗೆ ಹಾಕಿಕೊಂಡು ಹೊರಟಳು. ದಾರಿಯಲ್ಲಿ ಒಂದು ಲೆಕ್ಕ ತಲೆಯೊಳಗೆ ತೊಡರಿತು: ಒಂಬತ್ತು ವರ್ಷ ಮಳೆ ಬಿದ್ದ ಮಣ್ಣು ಕೂತು ಗಟ್ಟಿಯಾಗಿರಬೇಕಿತ್ತು, ಇಷ್ಟು ಬೇಗ ನೀರು ಬಿಡಬಾರದಿತ್ತು. ಅದನ್ನು ಬಿಡಿಸುವಷ್ಟು ಸಮಾಧಾನ ಆಗ ಅವಳಿಗಿರಲಿಲ್ಲ.

*

ಅಪ್ಪ ಕಿಟಕಿಯ ಬಳಿ ಕೂತು ರೇಡಿಯೋದ ತಿರುಗುಣಿಯನ್ನು ಸವರುತ್ತಿದ್ದರು. ಕಣ್ಣಿಗೆ ಪೊರೆ ಬಂದ ಮೇಲೆ ಅವರ ಕೈಗಳು ಕಣ್ಣಿನ ಕೆಲಸವನ್ನೂ ವಹಿಸಿಕೊಂಡಿದ್ದವು. ಮೂವತ್ತೊಂದು ವರ್ಷ ಇದೇ ಊರಿನ ಮಣ್ಣು ನೋಡಿದವರು. ಅವರ ಕುರ್ಚಿಯಲ್ಲೇ ಈಗ ಮಗಳು ಕೂರುತ್ತಿದ್ದಳು.

"ಬೇಗ ಬಂದೆ ಪುಟ್ಟಿ."

"ಒಂದು ಮಣ್ಣು ತಂದಿದೀನಿ. ಹೇಳಿ ನೋಡೋಣ."

ಇದು ಅವರ ಹಳೆಯ ಆಟ. ಅಪ್ಪನ ಮುಖ ಅರಳಿತು. "ಸೋತರೆ ನೀನು ಪಾತ್ರೆ ತೊಳೀಬೇಕು."

"ಗೆದ್ದರೂ ನಾನೇ ತಾನೇ ತೊಳೆಯೋದು?"

"ಆಗ ನಗ್ತಾ ತೊಳೀಬೇಕು."

ಲೋಟದ ನೀರು ನಾಲ್ಕು ಹನಿ ಹಾಕಿಕೊಂಡು ಹೆಂಟೆಯನ್ನು ನಾದಿದರು. ಹೆಬ್ಬೆರಳು ತೋರುಬೆರಳ ನಡುವೆ ಒತ್ತಿ ಪಟ್ಟಿಯಂತೆ ಹೊರಡಿಸಿದರು. ಪಟ್ಟಿ ಮುರಿಯದೆ ಬೆರಳುದ್ದ ಬಂತು. ಒಂದು ಚೂರನ್ನು ಮುಂಬಲ್ಲಿನಲ್ಲಿ ಕಡಿದು ನೋಡಿದರು.

"ಒಳ್ಳೇ ಜೇಡಿ. ಒಳಗೆ ಸಣ್ಣ ಹರಳು, ಸಕ್ಕರೆ ಹಾಗೆ ಹಲ್ಲಿಗೆ ಸಿಗುತ್ತೆ. ಇಡೀ ಊರಲ್ಲಿ ಒಂದೇ ಕಡೆ ಈ ಹರಳು." ಅಪ್ಪ ಗೆದ್ದವರಂತೆ ನಕ್ಕರು. "ದೊಡ್ಡೋಳ ಹಿತ್ತಲು. ಮೂರಡಿ ಕೆಳಗಿಂದು."

ಅವಳು ಡಬ್ಬಿಯ ಮುಚ್ಚಳ ತಿರುಗಿಸಿ ಬಿಗಿದಳು.

ಮಗಳ ಮೌನವನ್ನು ಅಪ್ಪನ ಕಿವಿ ಒಂದು ಕ್ಷಣ ತಡವಾಗಿ ಓದಿತು. ನಗು ಮುಖದ ಮೇಲೇ ಒಣಗಿತು.

"ನಿಮ್ಮ ಮೂವತ್ತೊಂದು ವರ್ಷದ ರಿಜಿಸ್ಟರನ್ನೂ ನಾನು ಓದಿದೀನಿ ಅಪ್ಪ. ಆ ಹಿತ್ತಲಲ್ಲಿ ನೀವು ಯಾವತ್ತೂ ಪರೀಕ್ಷೆ ಮಾಡಿಲ್ಲ. ಮೂರಡಿ ಕೆಳಗಿನ ಮಣ್ಣು ನಿಮ್ಮ ಹಲ್ಲಿಗೆ ಹೇಗೆ ಗೊತ್ತು?"

ಬೀದಿಯಲ್ಲಿ ಯಾರದೋ ಸೈಕಲ್ ಗಂಟೆ ಬಡಿದುಕೊಂಡು ಹೋಯಿತು. ಅಪ್ಪ ಬೆರಳಿಗಂಟಿದ ಜೇಡಿಯನ್ನು ಪಂಚೆಯ ಅಂಚಿಗೆ ಒರೆಸಿದರು. ಒರೆಸಿದ್ದನ್ನೇ ಮತ್ತೆ ಮತ್ತೆ ಒರೆಸಿದರು.

"ಕಾಣೆಯಾಗೋ ಹಿಂದಿನ ದಿನ ಅವಳೇ ಹೇಳಿದ್ಲು," ಎಂದರು ಕೊನೆಗೆ. "ಬಾವಿ ನೀರು ವಾಸನೆ ಬರ್ತಿದೆ, ಹಿತ್ತಲಲ್ಲಿ ಗುಂಡಿ ತೋಡಿ ಮಣ್ಣು ನೋಡ್ತೀನಿ ಅಂತ. ಬೆಳಿಗ್ಗೆ ಹೋದೆ. ಮನೇಲಿ ಯಾರೂ ಇಲ್ಲ. ನಿನ್ನ ಭಾವ ಕೆಲಸದ ಮೇಲೆ ಪರ ಊರಿಗೆ ಹೋಗಿದ್ದ."

"ಮತ್ತೆ?"

"ಗುಂಡಿ ತೆರೆದಿತ್ತು. ಆಳುದ್ದ. ಪಕ್ಕದಲ್ಲಿ ಮೂರು ಟಾರ್ಪಾಲು, ಮೂರು ರಾಶಿ. ಎಷ್ಟು ಚೆಂದ ಮಾಡಿದ್ಲು ಗೊತ್ತಾ? ನಾನೇ ಮಾಡಿದ ಹಾಗೆ." ಅವರ ದನಿಯಲ್ಲಿ ಈಗಲೂ ಒಂದು ಹೆಮ್ಮೆ ಉಳಿದಿತ್ತು, ಅದನ್ನು ಕೇಳಲು ಅವಳಿಗೆ ಭಯವಾಯಿತು. "ಇಳಿದೆ. ಆ ಜೇಡಿ ತಳ ಕಲ್ಲಿನ ಹಾಗೆ ಇರಬೇಕು ಪುಟ್ಟಿ. ನನ್ನ ಕಾಲು ಹೂತಿತು."

"ಅಂದ್ರೆ?"

"ತಳದ ಕೆಳಗೂ ಅಗೆದು ಮುಚ್ಚಿದ್ರು. ಮೆತ್ತಗಿತ್ತು."

"ಅಗೆದು ನೋಡಲಿಲ್ಲವಾ?"

"ಇಲ್ಲ."

"ನೀವು! ಒಂದು ಬೇರು ಕಂಡರೆ ಅದರ ತುದಿ ಸಿಗೋ ತನಕ ಬಿಡದೇ ಇರೋರು!"

"ನೋಡಲಿಲ್ಲ. ನನ್ನ ಗುರುತು ಇಟ್ಟೆ. ಮುಚ್ಚಿದೆ. ಸಂಜೆಯೊಳಗೆ ಮೇಲೆ ಹೂವಿನ ಗಿಡ ನೆಟ್ಟೆ."

ಗುರುತು ಎಂದರೆ ಒಂದು ನೀಲಿ ಟೈಲಿನ ಚೂರು. ಪರೀಕ್ಷೆಯ ಗುಂಡಿ ಮುಚ್ಚುವಾಗ ತಳದಲ್ಲಿ ಏನಾದರೂ ಇಟ್ಟು ಮುಚ್ಚುವುದು ಈ ಕಸುಬಿನ ಪದ್ಧತಿ. ಮುಂದೆ ಅಗೆದವರಿಗೆ ಇದು ಕದಡಿದ ಮಣ್ಣು, ನಂಬಬೇಡಿ ಎಂದು ಹೇಳುವುದಕ್ಕೆ. ಅಪ್ಪನದು ನೀಲಿ ಟೈಲು. ಚಿಕ್ಕಂದಿನಲ್ಲಿ ಅವರ ಹಿಂದೆ ಹೊಲ ಸುತ್ತುವಾಗ ಹೆಣ್ಣುಮಕ್ಕಳಿಬ್ಬರೂ ಹಟ ಹಿಡಿದು ತಮ್ಮದೂ ಒಂದೊಂದು ಗುರುತು ಮಾಡಿಕೊಂಡಿದ್ದರು. ತಂಗಿಯದು ಸೋಡಾ ಬಾಟಲಿಯ ಮುಚ್ಚಳ. ಅಕ್ಕನದು ಕೆಂಪು ದಾರ ಪೋಣಿಸಿದ ಬಿಳಿ ಅಂಗಿಗುಂಡಿ.

"ಪೊಲೀಸರು ಈ ಮನೆಗೇ ಬಂದು ನಿಮ್ಮನ್ನ ಕೇಳಿದ್ರು. ನಾನು ಇಲ್ಲೇ ನಿಂತಿದ್ದೆ."

"ಅಗೆದಿದ್ರೆ ಅವಳು ನಮಗೆ ಉಳೀತಿರ್ಲಿಲ್ಲ. ಅಗೆಯದೇ ಇದ್ದಿದ್ದಕ್ಕೆ ಎಲ್ಲೋ ಒಂದು ಕಡೆ ಇದ್ದಾಳೆ."

"ಒಂಬತ್ತು ವರ್ಷ ಭಾವನ ಮುಖಕ್ಕೆ ಉಗಿದೆ ನಾನು. ಕಂಡ ಕಂಡಲ್ಲಿ. ನೀವು ಕೇಳಿಸಿಕೊಂಡು ಸುಮ್ಮನೆ ಕೂತಿದ್ರಿ."

"ಹೂಂ."

"ಹೂಂ ಅಂದ್ರೆ?"

"ಕೂತಿದ್ದೆ ಅಂತ." ಅಪ್ಪನ ಕೈ ಗಾಳಿಯಲ್ಲಿ ಅವಳ ಕೈಯನ್ನು ಹುಡುಕಿತು. "ಆ ಗುಂಡಿ ಬಿಟ್ಟುಬಿಡು ಪುಟ್ಟಿ. ಈ ನೆಲ ಆಗಲ್ಲ ಅಂತ ಬರೆದು ಮುಚ್ಚಿಬಿಡು. ಮಲಗಿದ್ದ ಹಾಗೇ ಮಲಗಿಸಿ ಬಾ."

ಆ ಕೈಗೆ ಅವಳು ಕೈ ಕೊಡಲಿಲ್ಲ.

*

ಮತ್ತೆ ಹಿತ್ತಲಿಗೆ ಬಂದಾಗ ಬಿಸಿಲು ಗೋಡೆಯ ಆಚೆ ವಾಲಿತ್ತು. ಮೆಟ್ಟಿಲು ಖಾಲಿ, ಪೇಪರ್ ಮಾತ್ರ ಮಡಿಸಿ ಇಟ್ಟಿತ್ತು. ಮೊಳಣ್ಣ ಗುಂಡಿಯ ದಂಡೆಯಲ್ಲಿ ಕೂತು ಬೆವರು ಒರೆಸುತ್ತಿದ್ದ.

"ನಾಲ್ಕು ಮೊಳ ಆಯ್ತು. ಗೋಡೆ ಮುಟ್ಟಿಲ್ಲ. ಆದ್ರೆ ಅದು ಅಳ್ತಾ ಇದೆ ಮೇಡಮ್ಮೋರೇ."

ಗೋಡೆ ನಿಜಕ್ಕೂ ಒದ್ದೆಯಾಗಿತ್ತು. ಬೆಳಗಿನಿಂದ ನಾಲ್ಕನೆಯ ಗುಂಡಿ ಕುಡಿದ ನೀರೆಲ್ಲ ಮಣ್ಣಿನೊಳಗೆ ನಡೆದು ಬಂದು ಈ ಕಡೆ ಹನಿ ಹನಿಯಾಗಿ ಹೊರಬೀಳುತ್ತಿತ್ತು. ಎಲ್ಲ ಕಡೆಯಿಂದ ಅಲ್ಲ. ನಡುವಿನ ಒಂದು ಪಟ್ಟಿಯಿಂದ ಮಾತ್ರ.

ಅವಳು ಏಣಿ ಇಳಿದಳು. ಚಾಕು ತೆಗೆದಳು. ಕಾಲಡಿಯಲ್ಲಿ ಅಕ್ಕ ಇದ್ದಾಳೆ ಎಂದುಕೊಂಡೇ ಕೆರೆಯತೊಡಗಿದಳು. ಅಕ್ಕನ ತಲೆಗೂದಲ ವಾಸನೆ ಯಾವ ಎಣ್ಣೆಯದಾಗಿತ್ತು ಎಂದು ನೆನಪು ಮಾಡಿಕೊಳ್ಳಲು ಹೋದಳು, ಬರಲಿಲ್ಲ. ಅದಕ್ಕೇ ಕಣ್ಣು ತುಂಬಿತು.

ಗೋಡೆಯ ಬುಡದಲ್ಲಿ, ಹಳೆಯ ಗುಂಡಿಯ ತಳ ಮುಗಿಯುವಲ್ಲಿ, ಚಾಕು ಟಿಣ್ಣೆಂದಿತು. ನೀಲಿ ಟೈಲು. ಅಪ್ಪ ಸುಳ್ಳು ಹೇಳಿರಲಿಲ್ಲ.

ಆಮೇಲೆ ಅವಳು ನಡುವಿನ ಒದ್ದೆ ಪಟ್ಟಿಗೆ ಬಂದಳು. ಕೆರೆಯುತ್ತ ಹೋದಂತೆ ಗೋಡೆಯ ಮೇಲೆ ಎರಡು ಗೆರೆ ಮೂಡಿದವು. ಒಂದು ಅಪ್ಪ ಮುಚ್ಚಿದ ಅಗಲವಾದ ಗುಂಡಿಯ ಅಂಚು. ಅದರ ಒಳಗೆ ಇನ್ನೊಂದು, ಕಿರಿದು, ಕೊಡದ ಬಾಯಿಯಷ್ಟು ಅಗಲ. ಮೇಲಿನಿಂದ ಇಳಿದು ಟೈಲಿಗಿಂತ ಒಂದು ಗೇಣು ಮೇಲೆ ನಿಂತಿತ್ತು.

ಗುಂಡಿಯೊಳಗೊಂದು ಗುಂಡಿ. ಅಪ್ಪನ ಮಣ್ಣನ್ನು ಯಾರೋ ಆಮೇಲೆ ಮತ್ತೆ ತೋಡಿದ್ದರು. ಬೆಳಿಗ್ಗೆ ತಲೆಯಲ್ಲಿ ತೊಡರಿದ್ದ ಲೆಕ್ಕ ಈಗ ಬಿಚ್ಚಿಕೊಂಡಿತು: ನೀರು ಕುಡಿದದ್ದು ಒಂಬತ್ತು ವರ್ಷದ ಮಣ್ಣಲ್ಲ. ಅಪ್ಪನ ಮಣ್ಣಿನಲ್ಲಿ ಹುಲ್ಲಿನ ಬೇರು ಮೊಳದುದ್ದ ಇಳಿದಿತ್ತು. ಈ ಕಿರಿದಾದದ್ದರಲ್ಲಿ ಬೆರಳುದ್ದ. ಒಂದು ವರ್ಷ, ಹೆಚ್ಚೆಂದರೆ ಎರಡು.

ಇಲ್ಲಿಯೂ ಪದರ ತಪ್ಪಿರಲಿಲ್ಲ. ಹಳದಿ, ಕೆಂಪು, ಕಪ್ಪು.

ಕಿರಿಯ ಗುಂಡಿಯ ತಳದಲ್ಲಿ ಚಾಕುವಿನ ತುದಿಗೆ ಏನೋ ಸಿಕ್ಕಿತು. ಅಂಗೈಗೆ ಉರುಳಿಸಿಕೊಂಡು ದಂಡೆಯ ಮೇಲಿದ್ದ ನೀರಿನ ಕ್ಯಾನಿನಿಂದ ತೊಳೆದಳು.

ಬಿಳಿ ಅಂಗಿಗುಂಡಿ. ನಾಲ್ಕು ತೂತು. ಕೆಂಪು ದಾರ.

ನೂಲಿನ ದಾರ ಒದ್ದೆ ಜೇಡಿಯಲ್ಲಿ ಮೂರು ವರ್ಷ ಬಾಳುವುದಿಲ್ಲ. ಇದು ಇನ್ನೂ ಕೆಂಪಗಿತ್ತು. ಗಂಟು ಬಿಗಿಯಾಗಿತ್ತು.

ಕಾಲೇಜಿನ ಮೊದಲ ವಾರದಲ್ಲಿ ಕಲಿಸುವ ಪಾಠ ಅದು: ಮೇಲಿರುವುದು ಆಮೇಲೆ ಬಂದದ್ದು. ಟೈಲು ಕೆಳಗಿದೆ, ಅಂಗಿಗುಂಡಿ ಮೇಲಿದೆ. ಅಪ್ಪ ಮುಚ್ಚಿ ಎಷ್ಟೋ ವರ್ಷಗಳಾದ ಮೇಲೆ ಅಕ್ಕ ಈ ಹಿತ್ತಲಿಗೆ ಬಂದಿದ್ದಳು. ತನ್ನ ಕೈಯಾರೆ ತೋಡಿ, ತನ್ನ ಗುರುತು ಇಟ್ಟು, ಮುಚ್ಚಿ ಹೋಗಿದ್ದಳು.

ಅಕ್ಕ ಬದುಕಿದ್ದಳು!

ಗುಂಡಿಯ ಗೋಡೆಗೆ ಹಣೆ ಒತ್ತಿಕೊಂಡು ಅವಳು ಸದ್ದಿಲ್ಲದೆ ನಕ್ಕಳು. ಜೇಡಿಯ ತಂಪು ಹಣೆಗೆ ಹತ್ತಿತು. ಒಂದು ಉಸಿರು, ಎರಡು ಉಸಿರು, ಅಷ್ಟೇ ಹೊತ್ತು ಆ ಸಂತೋಷ ಅವಳದಾಗಿತ್ತು.

ಮೂರನೆಯ ಉಸಿರಿಗೆ ಅವಳ ಕಣ್ಣು ನೀಲಿ ಟೈಲಿನ ಮೇಲೆ ಬಿತ್ತು.

ಟೈಲಿನ ಕೆಳಗೆ ಚಾಕು ಒತ್ತಿದಳು. ಹಿಡಿಯವರೆಗೂ ಹೋಯಿತು. ಮೆತ್ತಗೆ.

ಮೊದಲ ಗುಂಡಿ ತೋಡಿದವಳು ಅಕ್ಕ. ಮೂರು ರಾಶಿ ಮಾಡಿದವಳು ಅಕ್ಕ. ತಳದ ಕೆಳಗೆ ಅಗೆದು ಮುಚ್ಚಿದವರು ಬೇರೆ ಯಾರಿದ್ದರು? 'ಅಗೆದಿದ್ರೆ ಅವಳು ನಮಗೆ ಉಳೀತಿರ್ಲಿಲ್ಲ.' ಅಪ್ಪ ಒಂಬತ್ತು ವರ್ಷ ಮುಚ್ಚಿಟ್ಟದ್ದು ಮಗಳ ಸಾವನ್ನಲ್ಲ. ಮಗಳು ಮಾಡಿದ್ದನ್ನು.

"ಇನ್ನೊಂದು ಮೊಳ ತೋಡ್ಲಾ?" ಮೇಲಿನಿಂದ ಮೊಳಣ್ಣ ಕೇಳಿದ.

"ಬೇಡ," ಎಂದಳು.

"ಯಾಕೆ ಬೇಡ?"

ಅದು ಮೊಳಣ್ಣನಲ್ಲ. ದಂಡೆಯ ಮೇಲೆ ಭಾವನ ಚಪ್ಪಲಿ, ಅದರ ಮೇಲೆ ಭಾವ. ಯಾವಾಗ ಬಂದನೋ ತಿಳಿಯದು.

"ಆ ಸಲ ಊರಿಂದ ಬಂದಾಗ ಇಲ್ಲಿ ಹೊಸ ಹೂವಿನ ಪಾತಿ ಇತ್ತು," ಎಂದ. ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ಮಾವನೋರು ನೆಟ್ಟಿದ್ದು ಅಂದ್ರು. ಹೆಂಡತಿ ಹೋದಳು ಅಂತ ಅಳೋದೋ, ಗಿಡಕ್ಕೆ ನೀರು ಹಾಕೋದೋ? ನೀರು ಹಾಕಿದೆ. ದಿನಾ ಹಾಕಿದೆ. ಈ ಜಾಗ ಮಾರೋದು ನನಗೇನೂ ಬೇಕಿರಲಿಲ್ಲಮ್ಮ. ಮಾರಿದ್ರೆ ಮಣ್ಣು ಪರೀಕ್ಷೆ ಆಗುತ್ತೆ. ಪರೀಕ್ಷೆ ಆದ್ರೆ ನೀನು ಬರ್ತೀಯ. ನೀನು ಬಂದ್ರೆ ಅಗೆಯದೆ ಬಿಡಲ್ಲ. ಅದಕ್ಕೇ ಮಾರಿದೆ."

ಅವಳು ಮುಷ್ಟಿ ಬಿಗಿದಳು. ಅಂಗಿಗುಂಡಿಯ ಅಂಚು ಅಂಗೈಗೆ ಒತ್ತಿತು.

"ಇಬ್ಬರು ಹೋದರು ಅಂದ್ರು ಊರವರು," ಭಾವ ಮುಂದುವರಿಸಿದ. "ನಿನ್ನ ಅಕ್ಕನ್ನ ಹುಡುಕೋಕೆ ನೀನಿದ್ದೆ. ನನ್ನ ತಮ್ಮನ್ನ ಯಾರು ಹುಡುಕಿದ್ರು ಹೇಳು?"

ಮೊಳಣ್ಣ ಗುದ್ದಲಿ ಹಿಡಿದು ಇಬ್ಬರ ಮುಖವನ್ನೂ ನೋಡುತ್ತ ನಿಂತಿದ್ದ.

"ಏನಿದೆ ಕೆಳಗೆ?" ಎಂದ ಭಾವ.

ಅವಳು ಹಿಮ್ಮಡಿಯಿಂದ ಮಣ್ಣೆಳೆದು ನೀಲಿ ಟೈಲನ್ನು ಮುಚ್ಚಿದಳು. ಹದಿಮೂರು ವರ್ಷದ ಕೆಲಸದಲ್ಲಿ ಒಂದು ಅಂಕಿಯನ್ನೂ ತಿದ್ದಿರದ ಪರೀಕ್ಷಕಿ ಭಾವನ ಕಣ್ಣನ್ನು ನೇರವಾಗಿ ನೋಡಿದಳು.

"ಏನೂ ಇಲ್ಲ ಭಾವ. ತಳ ಗಟ್ಟಿ ಇದೆ. ಯಾರೂ ಮುಟ್ಟದ ಮಣ್ಣು."

ಭಾವ ಬಗ್ಗಿ ನೀರಿನ ಕ್ಯಾನನ್ನು ಎತ್ತಿಕೊಂಡ. ನಾಲ್ಕನೆಯ ಗುಂಡಿಯ ಬಳಿ ಹೋಗಿ, ಅಂಚಿನವರೆಗೆ ತುಂಬಿಸಿ, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ. ಕೈಗಡಿಯಾರವನ್ನು ಬಿಚ್ಚಿ ಎದುರಿಗೆ ಇಟ್ಟುಕೊಂಡ.

ಅವಳ ಬೆನ್ನ ಹಿಂದೆ, ಗುಂಡಿಯ ಗೋಡೆಯಲ್ಲಿ, ನೀರು ಇಳಿಯತೊಡಗಿದ ಸದ್ದು ಕೇಳಿಸಿತು.